ಭರಮು ಡಬ್ಬಿಯ ಮೇಲಿನ ಹೆಸರು

ಶಿರಗುಪ್ಪಿಯ ಭರಮುವಿನ ಅಂಗಿಯ ಎಡಗಡೆಯ ಕಿಸೆ ಯಾವಾಗಲೂ ಜೋತುಬಿದ್ದಿರುತ್ತಿತ್ತು. ಹೆಂಡತಿ ಕಾಂಚನ ಎಷ್ಟು ಸಲ ಹೊಲಿದುಕೊಟ್ಟರೂ ವಾರದೊಳಗೆ ಮತ್ತೆ ಹರಿಯುತ್ತಿತ್ತು. ಅದರಲ್ಲಿ ಇರುತ್ತಿದ್ದದ್ದು ಪಿಂಗಾಣಿಯ ಫ್ಯೂಜುಗಳು. ಕೃಷ್ಣೆಯ ದಂಡೆಯಲ್ಲಿ ಯಾರ ಮೋಟಾರಿಗೆ ಕೈ ಹಚ್ಚುವುದಿದ್ದರೂ ಭರಮು ಮೊದಲು ಕಂಬದ ಬೋರ್ಡಿಗೆ ಹೋಗಿ ಫ್ಯೂಜು ಕಿತ್ತು ಕಿಸೆಗೆ ಹಾಕಿಕೊಳ್ಳುತ್ತಿದ್ದ. ಸ್ವಿಚ್ಚು ಆರಿಸಿದರೆ ಇನ್ನೊಬ್ಬ ಬಂದು ಹಾಕಬಹುದು. ಫ್ಯೂಜು ಕಿಸೆಯಲ್ಲಿದ್ದರೆ ಯಾರು ಬಂದರೂ ಏನೂ ಮಾಡಲಾಗದು. ಕೆಲಸ ಮುಗಿಸಿ ಎಷ್ಟೋ ಸಲ ಹಾಗೇ ಮನೆಗೆ ಬಂದುಬಿಡುತ್ತಿದ್ದ. ರೈತರು ಸೈಕಲ್ ತುಳಿದುಕೊಂಡು ಬಂದು, ನಮ್ಮ ಕರೆಂಟು ಕಿಸೆಯಲ್ಲಿಟ್ಟುಕೊಂಡು ಉಣ್ಣಲು ಕೂತಿದ್ದೀಯಲ್ಲ ಎಂದು ಬೈದು, ಫ್ಯೂಜು ಇಸಿದುಕೊಂಡು ಹೋಗುತ್ತಿದ್ದರು.

ಈ ಪಾಠ ಅವನಿಗೆ ಪೆಟ್ಟಿನಿಂದ ಬಂದದ್ದು. ಹರೆಯದಲ್ಲಿ ಅವನು ಮಿರಜಿನ ಒಂದು ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ್ದ. ಮಾಲೀಕ ಬಾವಿಗೆ ಇಳಿದು ಮೋಟಾರು ಬಿಚ್ಚುತ್ತಿದ್ದಾಗ, ಮೇಲಿದ್ದ ಭರಮು ಸ್ವಿಚ್ಚು ಆರಿಸಿದ್ದೇ ಸಾಕೆಂದುಕೊಂಡು ಫ್ಯೂಜನ್ನು ಬೋರ್ಡಿನಲ್ಲೇ ಬಿಟ್ಟು ಚಹಾ ತರಲು ಹೋದ. ಮೇಲೆ ಬಂದ ಮಾಲೀಕ ಅದನ್ನು ನೋಡಿದ. ಗಿರಣಿಯ ಹಳೆಯ ಬೆಲ್ಟಿನ ಪಟ್ಟಾ ತೆಗೆದುಕೊಂಡು, ಭರಮು ನೆಲಕ್ಕೆ ಬೀಳುವ ತನಕ ಬಾರಿಸಿದ. ಬೆನ್ನಿನ ತೊಗಲು ಕಿತ್ತು ಅಂಗಿಗೆ ಅಂಟಿಕೊಂಡಿತ್ತು. ಆ ಮಾಲೀಕನ ಅಣ್ಣ ಹಾಗೆಯೇ ಬಾವಿಯೊಳಗೆ ಸುಟ್ಟು ಸತ್ತಿದ್ದನೆಂದು ಆಮೇಲೆ ಬೇರೆಯವರು ಹೇಳಿದರು. ಭರಮು ಮುಂದೆ ಶಿರಗುಪ್ಪಿಯಲ್ಲಿ ಸ್ವಂತ ಅಂಗಡಿ ಹಾಕಿದ. ಕಲಿಯಲು ಬಂದ ಯಾರ ಮೇಲೂ ಕೈ ಎತ್ತಲಿಲ್ಲ. ಫ್ಯೂಜು ಮರೆತವನನ್ನು ಹತ್ತಿರ ಕರೆದು, ಅಂಗಿ ಎತ್ತಿ ಬೆನ್ನು ತೋರಿಸುತ್ತಿದ್ದ. ಅಷ್ಟೇ.

ಎರಡು ಸಾವಿರದ ಐದರ ಸುಮಾರಿಗೆ ನಿಪ್ಪಾಣಿಯ ವಿಕ್ರಾಂತ ಅವನಿಗೆ ಗಂಟುಬಿದ್ದ. ಡಿಪ್ಲೊಮಾ ಓದಿ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಮೀಟರುಗಳ ದುರಸ್ತಿ ಮಾಡುತ್ತಿದ್ದ ಹುಡುಗ. ರಜೆಯ ದಿನ ಭರಮುವಿನ ಅಂಗಡಿಯಲ್ಲಿ ತಾಮ್ರದ ತಂತಿಯ ವಾಸನೆ ಹಿಡಿದು ಕೂತಿರುತ್ತಿದ್ದ. ಆಗ ಥ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಬಂದ ಕೂಡಲೇ ರೈತ ಕಬ್ಬಿನೊಳಗಿಂದ ಹಾದು ದಂಡೆಗೆ ಓಡಬೇಕು. ಹಾವು ಕಡಿದು ಸತ್ತವರಿದ್ದರು, ಕೆಸರಿನಲ್ಲಿ ಜಾರಿ ನದಿಗೆ ಬಿದ್ದವರಿದ್ದರು. ವಿಕ್ರಾಂತ ಒಂದು ಹಳೆಯ ಮೊಬೈಲು ಬಿಚ್ಚಿ, ಅದು ರಿಂಗಾದಾಗ ಸದ್ದು ಮಾಡುವ ಗಂಟೆಯ ಎರಡು ತಂತಿಗಳನ್ನು ಭರಮು ಕಟ್ಟಿಕೊಟ್ಟ, ಸ್ವಿಚ್ಚಿನಂತೆ ಕೆಲಸ ಮಾಡುವ ರಿಲೇಗೆ ಜೋಡಿಸಿದ. ಮನೆಯಲ್ಲಿ ಕೂತು ಆ ಮೊಬೈಲಿನ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟಾರು ಚಾಲೂ. ಇನ್ನೊಂದು ಕೊಟ್ಟರೆ ಬಂದ್. ಇಬ್ಬರೂ ಅದನ್ನು ಒಂದು ತಗಡಿನ ಡಬ್ಬಿಯೊಳಗೆ ಕೂರಿಸಿದರು. ಮೊದಲ ಡಬ್ಬಿ ಚಾಲೂ ಆದ ದಿನ ಭರಮು ಬಹಳ ಹೊತ್ತು ನಕ್ಕ. ನದಿಗೆ ಫೋನು ಮಾಡಿದರೆ ನದಿಯೇ ಎದ್ದು ಹೊಲಕ್ಕೆ ಬಂತಲ್ಲ ಎಂದ.

ವೈಂಡಿಂಗ್ ಮಾಡುವವರಲ್ಲಿ ಒಂದು ಕೆಟ್ಟ ಚಾಳಿ ಇದೆ. ಯಾವ ಮೋಟಾರಿಗೆ ತಂತಿ ಎಷ್ಟು ಸುತ್ತು ಎಂಬುದನ್ನು ಒಬ್ಬರಿಗೊಬ್ಬರು ಹೇಳುವುದಿಲ್ಲ. ಅದನ್ನು ತಿಳಿಯಲು ಭರಮು ಮಿರಜಿನಲ್ಲಿ ವರ್ಷಗಟ್ಟಲೆ ಕಸ ಹೊಡೆದಿದ್ದ. ಆದ್ದರಿಂದ ವಿಕ್ರಾಂತ ಈ ಡಬ್ಬಿಯ ಸರ್ಕ್ಯೂಟಿನ ನಕಾಶೆಯನ್ನು ಓಪನ್ ಸೋರ್ಸ್ ಮಾಡೋಣ ಎಂದು ಹೇಳಿ, ಅದರ ಅರ್ಥ ಬಿಡಿಸಿ ಹೇಳಿದಾಗ ಅವನು ಒಪ್ಪಲು ತಡಮಾಡಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲಿ, ಮಾರಲಿ, ತಿದ್ದಲಿ. ತಿದ್ದಿದ್ದನ್ನು ಮಾತ್ರ ಎಲ್ಲರಿಗೂ ತೋರಿಸಲಿ. ಇಷ್ಟೇ ಕರಾರು. ವಿಕ್ರಾಂತ ನಕಾಶೆಯನ್ನು ಇಂಟರ್ನೆಟ್ಟಿಗೆ ಏರಿಸಿದ. ಅದಕ್ಕೊಂದು ಹೆಸರು ಬೇಕಾಗಿತ್ತು. ಜನ ಆಗಲೇ ಭರಮು ಡಬ್ಬಿ ಅನ್ನುತ್ತಿದ್ದರು, ಅದನ್ನೇ ಬರೆದ.

ಅಲ್ಲಿಂದ ಅದು ಹಬ್ಬಿತು. ರಾಯಬಾಗ, ಅಥಣಿ, ಕಾಗವಾಡ, ಗಡಿಯಾಚೆ ಮಿರಜಿನ ತನಕ. ಅಮಾವಾಸ್ಯೆಯ ದಿನ ವೈಂಡಿಂಗ್ ಅಂಗಡಿಯವರು ಮೋಟಾರು ಬಿಚ್ಚುವುದಿಲ್ಲ. ಹತ್ಯಾರಗಳಿಗೆ ಊದಿನಕಡ್ಡಿ ಹಚ್ಚಿ ಸುಮ್ಮನಿರುತ್ತಾರೆ. ಆ ದಿನವೇ ಡಬ್ಬಿ ಕಟ್ಟುವವರೆಲ್ಲ ಭರಮುವಿನ ಅಂಗಳದಲ್ಲಿ ಸೇರತೊಡಗಿದರು. ಚಿಕ್ಕೋಡಿಯ ಪಾಲಿಟೆಕ್ನಿಕ್ಕಿನಲ್ಲಿ ಕಲಿಸುವ ಶುಭಾಂಗಿ ಮೇಡಂ ಬರುತ್ತಿದ್ದರು. ಚಿಂಚಲಿಯ ಮೆಕ್ಯಾನಿಕ್ ಜ್ಞಾನದೇವ ಬರುತ್ತಿದ್ದ. ಅವನ ಬಾಯಿಗೆ ಹೆದರಿ ಉಳಿದವರು ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ದಂಡೆಯ ಮೇಲೆ ತೋಟದ ಮನೆ ಮಾಡಿಕೊಂಡಿದ್ದ, ಎಮ್ಮೆ ಸಾಕಿದ ಹಾಲೇಶ ಎಂಬ ಯುವಕ ಎಲ್ಲರಿಗೂ ಮಜ್ಜಿಗೆ ತರುತ್ತಿದ್ದ. ಮೊದಮೊದಲು ಡಬ್ಬಿ ಹಾಕಿಸಿಕೊಂಡವರಲ್ಲಿ ಅವನೂ ಒಬ್ಬ. ಅವನದು ಭರಮು ತನ್ನ ಕೈಯಿಂದ ಕಟ್ಟಿದ ಡಬ್ಬಿ.

ಹೆಸರು ದೊಡ್ಡದಾದಂತೆ ಪೆಟ್ಟುಗಳೂ ಬರತೊಡಗಿದವು. ಎಲ್ಲಿಯೋ ಒಬ್ಬ ಕಾರ್ಖಾನೆದಾರ ಅಗ್ಗದ ರಿಲೇ ಹಾಕಿ, ತಿದ್ದಿದ್ದನ್ನು ಯಾರಿಗೂ ತೋರಿಸದೆ, ಡಬ್ಬಿಯ ಮೇಲೆ ಭರಮು ಎಂದು ಅಚ್ಚುಹಾಕಿ ಮಾರಿದ. ಅವು ಸುಟ್ಟುಹೋದವು. ಅಥಣಿ ಕಡೆಯ ಒಬ್ಬ ರೈತ ಸುಟ್ಟ ಡಬ್ಬಿ ಹಿಡಿದುಕೊಂಡು ಬಸ್ಸಿನಲ್ಲಿ ಬಂದು, ಭರಮು ಯಾರು ಎಂದು ಕೇಳಿ, ನಾನೇ ಎಂದವನ ಕಪಾಳಕ್ಕೆ ಬಿಗಿದು, ಅದೇ ಬಸ್ಸಿನಲ್ಲಿ ತಿರುಗಿ ಹೋದ. ಆ ಡಬ್ಬಿಯನ್ನು ಭರಮು ಜೀವನದಲ್ಲಿ ನೋಡಿರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಶುಭಾಂಗಿ ಮೇಡಂ ಮಾತೆತ್ತಿದರು. ಒಂದು ಪ್ರತಿಷ್ಠಾನ ಮಾಡೋಣ, ಕಾನೂನಿನ ಪ್ರಕಾರ ನೋಂದಾಯಿಸೋಣ. ಹೆಸರು ಪ್ರತಿಷ್ಠಾನದ್ದಾಗಿರಲಿ, ಒಬ್ಬ ಮನುಷ್ಯನದ್ದು ಬೇಡ. ಹೆಸರು ಕದ್ದವನನ್ನು ಕೋರ್ಟಿಗೆ ಎಳೆಯಬಹುದು, ಕೇಳಲು ಬಂದವರಿಗೆ ಉತ್ತರ ಕೊಡಲು ಒಂದು ಬಾಗಿಲು ಇರುತ್ತದೆ.

ಜ್ಞಾನದೇವ ಹೇಳಿದ: "ದೇವರ ಹೆಸರಿಟ್ರ ನೈವೇದ್ಯ ಬರತಾವು. ಭರಮುನ ಹೆಸರಿಟ್ಟದ್ದಕ್ಕ ಬರೇ ಏಟ ಬರಾಕತ್ತಾವ ನೋಡ್ರಿ."

ಹೊಸ ಹೆಸರು ಯಾವುದು ಎಂಬಲ್ಲಿ ಜಗಳ ಹತ್ತಿತು. ನಿಪ್ಪಾಣಿಯವರು ಹೇಳಿದ್ದು ಮರಾಠಿಯಾಯಿತೆಂದು ಅಥಣಿಯವರು, ಅಥಣಿಯವರು ಹೇಳಿದ್ದು ನಮ್ಮ ಕಡೆ ನಡೆಯುವುದಿಲ್ಲವೆಂದು ನಿಪ್ಪಾಣಿಯವರು. ಒಬ್ಬ ಇನ್ನೊಬ್ಬನ ಕೊರಳಪಟ್ಟಿ ಹಿಡಿದ. ಅವನು ಇವನ ತಲೆಗೆ ಚಹಾದ ಕಿಟ್ಲಿ ಎಸೆದ. ಹಣೆ ಒಡೆದು ನೆತ್ತರು ಸೋರಿತು. ಭರಮು ನಡುವೆ ಹೋಗಿ ಬಿಡಿಸಿ, ಏನಾದರೂ ಇಡಿ, ನನ್ನ ಹೆಸರೊಂದು ತೆಗೆಯಿರಿ ಎಂದು ಕೈಮುಗಿದ. ಆಗ ಅವನಿಗೆ ಬೇಕಾಗಿದ್ದದ್ದು ಅಷ್ಟೇ ಆಗಿತ್ತು.

ಅದು ತೀರ್ಮಾನವಾಗುವ ಮೊದಲೇ ಹಾಲೇಶ ಸತ್ತ.

ಎರಡು ಸಾವಿರದ ಹದಿಮೂರರ ಬೇಸಿಗೆ. ನದಿ ಬತ್ತಿ, ನೀರಿನೊಳಗಿನ ಮೋಟಾರನ್ನು ಎಲ್ಲರೂ ಆಳದ ಮಡುವಿಗೆ ಸರಿಸಿದ್ದರು. ಅದಕ್ಕಾಗಿ ಕೇಬಲ್ಲಿಗೆ ತುಂಡು ಸೇರಿಸಿ ಜೋಡಿಸಿದ್ದರು. ಹಾಲೇಶನ ಕೇಬಲ್ಲಿನ ಜೋಡಣೆ ಹಸಿಯಾಗಿ ಬಿಚ್ಚಿತ್ತು. ಅವನು ಮಂಡಿಯುದ್ದದ ನೀರಿನಲ್ಲಿ ನಿಂತು, ಹಳೆಯ ಟೇಪು ಕತ್ತರಿಸಿ, ಬರಿ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುವುತ್ತಿದ್ದಾಗ ಮೋಟಾರಿಗೆ ಕರೆಂಟು ಹರಿಯಿತು. ಊಟಕ್ಕೆ ಬರಲಿಲ್ಲವೆಂದು ಅಣ್ಣ ಸಂಗ್ರಾಮ ಹುಡುಕಿಕೊಂಡು ಹೋದಾಗ ಹಾಲೇಶ ಮುಖ ಕೆಳಗಾಗಿ ನೀರಿನಲ್ಲಿದ್ದ. ಅಂಗೈ ಮಾಂಸ ಎಲುಬಿನ ತನಕ ಸುಟ್ಟಿತ್ತು. ಬೆರಳುಗಳು ತಂತಿಯನ್ನು ಬಿಟ್ಟಿರಲಿಲ್ಲ, ಒಂದೊಂದಾಗಿ ಬಿಡಿಸಬೇಕಾಯಿತು.

ಸುದ್ದಿ ಕೇಳಿ ಭರಮು ಓಡಿದ. ಅವನು ಮೊದಲು ನೋಡಿದ್ದು ಬೋರ್ಡು. ಫ್ಯೂಜುಗಳು ತಮ್ಮ ಜಾಗದಲ್ಲೇ ಇದ್ದವು. ಮೋಟಾರು ಬಂದ್ ಆಗಿತ್ತು. ಜನ ಆಡಿಕೊಳ್ಳುತ್ತಿದ್ದರು: ಡಬ್ಬಿ ತಾನಾಗಿ ಚಾಲೂ ಆಯಿತು, ಹುಡುಗನನ್ನು ಕೊಂದು ತಾನಾಗಿ ಬಂದ್ ಆಯಿತು. ಭರಮು ಡಬ್ಬಿಯ ಮುಚ್ಚಳ ತೆಗೆದು ಬೆರಳಾಡಿಸಿದ. ಎಲ್ಲ ನೆಟ್ಟಗಿತ್ತು. ಡಬ್ಬಿ ತಾನಾಗಿ ಏನೂ ಮಾಡುವುದಿಲ್ಲ. ಯಾರೋ ರಿಂಗು ಕೊಟ್ಟಿದ್ದಾರೆ, ಮತ್ತೊಮ್ಮೆ ಕೊಟ್ಟಿದ್ದಾರೆ.

ಮಣ್ಣು ಕೊಟ್ಟು ಬಂದ ಸಂಗ್ರಾಮ ಮನೆಗೆ ಹೋಗಲಿಲ್ಲ. ಕಬ್ಬಿನ ಟ್ರ್ಯಾಕ್ಟರು ಹೊಡೆಯುವ ಮನುಷ್ಯ ಅವನು, ದೊಡ್ಡ ಮೈಕಟ್ಟು. ಬೀಗರನ್ನು, ದಾಯಾದಿಗಳನ್ನು ಕಟ್ಟಿಕೊಂಡು ನೇರ ಭರಮುವಿನ ಅಂಗಡಿಗೆ ಬಂದ. ಕಟ್ಟಿಟ್ಟ ಡಬ್ಬಿಗಳನ್ನೆಲ್ಲ ರಸ್ತೆಗೆ ಎಸೆದು ಡೀಸೆಲ್ ಸುರಿದು ಬೆಂಕಿ ಹಚ್ಚಿದರು. ಸುತ್ತಿಟ್ಟ ಮೋಟಾರುಗಳ ತಂತಿಯನ್ನು ಕೊಡಲಿಯಿಂದ ಕಡಿದರು. ಕಾಂಚನ ಅಡ್ಡಬಂದಾಗ ಕೂದಲು ಹಿಡಿದು ಗೋಡೆಗೆ ನೂಕಿದರು. ಇಬ್ಬರು ಭರಮುವಿನ ಬಲಗೈಯನ್ನು ಕಬ್ಬಿಣ ಬಡಿಯುವ ಅಡೆಗಲ್ಲಿನ ಮೇಲೆ ಒತ್ತಿ ಹಿಡಿದರು.

"ಡಬ್ಬಿ ಮ್ಯಾಲ ಯಾರ ಹೆಸರೈತಿ ಲೇ ಭರಮ್ಯಾ?" ಸಂಗ್ರಾಮ ಕೇಳಿದ.

"ನಂದು."

"ಹಂಗಾರ ನನ್ನ ತಮ್ಮನ್ನ ಕೊಂದಾವ ಯಾರು?"

ಭರಮುವಿನ ಕೈ ಮೇಲೆ ಸುತ್ತಿಗೆ ಬಿತ್ತು. ಅವನು ಕೂಗುವ ತನಕ ಬಿತ್ತು, ಕೂಗಿದ ಮೇಲೂ ಬಿತ್ತು. ತಂತಿ ಸುತ್ತುವ ಬೆರಳುಗಳು ಜಜ್ಜಿ ಒಂದಕ್ಕೊಂದು ಅಂಟಿಕೊಂಡವು. ಪೊಲೀಸರು ಬಂದು ಕೇಳಿದಾಗ, ಮೋಟಾರು ಎತ್ತುವಾಗ ಕೈ ಮೇಲೆ ಬಿತ್ತು ಎಂದು ಬರೆಸಿದ. ಕಾಂಚನ ಆ ದಿನದಿಂದ ಅವನ ಜೊತೆ ಮಾತು ಬಿಟ್ಟಳು.

ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಮನೆಯಲ್ಲಿ ಬಿದ್ದಿದ್ದಾಗ ಒಂದು ಮಧ್ಯಾಹ್ನ ಹಾಲೇಶನ ತಾಯಿ ರಾಮವ್ವ ಬಂದಳು. ಹೊಸ್ತಿಲ ಹೊರಗೇ ಕೂತಳು. ಕಾಂಚನ ಕೊಟ್ಟ ನೀರು ಮುಟ್ಟಲಿಲ್ಲ. ಮಗನನ್ನು ಕಳೆದುಕೊಂಡವಳು ಬೈಯಲಿಕ್ಕೆ ಬಂದಿದ್ದಾಳೆಂದುಕೊಂಡು ಭರಮು ಎದುರಿಗೆ ಬಂದು ತಲೆ ಬಗ್ಗಿಸಿ ಕೂತ. ಆದರೆ ಅವಳು ಸೀರೆಯ ಗಂಟಿನಿಂದ ಮನೆಯ ಫೋನು ತೆಗೆದು ನೆಲದ ಮೇಲಿಟ್ಟಳು.

ಅವಳು ಹೇಳಿದ್ದು ಇಷ್ಟು. ಅವಳಿಗೆ ಅಂಕಿ ಬರುವುದಿಲ್ಲ. ಅಡುಗೆ ಆಯಿತೆಂದು ತಿಳಿಸಲು ಹಾಲೇಶನೇ ಒಂದು ದಾರಿ ಕಲಿಸಿದ್ದ: ಹಸಿರು ಗುಂಡಿಯನ್ನು ಎರಡು ಸಲ ಒತ್ತಬೇಕು, ಕೊನೆಗೆ ಫೋನು ಮಾಡಿದ ನಂಬರಿಗೆ ಹೋಗುತ್ತದೆ, ಈ ಫೋನಿನಿಂದ ಹೋಗುವುದು ನನ್ನ ನಂಬರೊಂದಕ್ಕೇ, ರಿಂಗಾದ ಮೇಲೆ ಕೆಂಪು ಗುಂಡಿ ಒತ್ತು, ನಾನು ಬರುತ್ತೇನೆ. ಕೇಳಿಸಿತು ಎಂಬುದಕ್ಕೆ ಅವನು ಅಲ್ಲಿಂದ ಒಂದು ರಿಂಗು ಕೊಡುತ್ತಿದ್ದ. ಆ ದಿನ ಮುಂಜಾನೆ ತನ್ನ ಫೋನು ಚಾರ್ಜಿಗೆ ಹಾಕಿದ್ದರಿಂದ ಹಾಲೇಶ ಈ ಫೋನಿನಿಂದಲೇ ಮೋಟಾರು ಬಂದ್ ಮಾಡಿ, ಆಮೇಲೆ ತನ್ನದನ್ನು ತೆಗೆದುಕೊಂಡು ನದಿಗೆ ಹೋದ. ಅವಳು ರೊಟ್ಟಿ ಮುಗಿಸಿ ಎಂದಿನಂತೆ ಗುಂಡಿ ಒತ್ತಿದಳು. ತಿರುಗಿ ರಿಂಗು ಬರಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದಳು.

"ನಾ ಒತ್ತಿದ್ದು ಎಲ್ಲಿಗೆ ಹೋತು ತಮ್ಮಾ?" ಅವಳ ದನಿ ಗಟ್ಟಿಯಾಗೇ ಇತ್ತು. "ನೀ ಡಬ್ಬಿ ಮಾಡಿದಾವ. ನಿನಗ ಗೊತ್ತಿರತೈತಿ."

ಭರಮುವಿಗೆ ಗೊತ್ತಾಗಿತ್ತು, ಈ ಫೋನಿನಿಂದ ಕೊನೆಗೆ ಹೋದದ್ದು ಡಬ್ಬಿಯ ನಂಬರಿಗೆ. ಮೊದಲ ರಿಂಗಿಗೆ ಮಗ ಸತ್ತ, ಎರಡನೆಯದಕ್ಕೆ ಮೋಟಾರು ನಿಂತಿತು. ಒಳಗೆ ಕಾಂಚನ ಪಾತ್ರೆಗಳ ಸಪ್ಪಳ ನಿಲ್ಲಿಸಿದ್ದಳು.

"ನೀ ಒತ್ತಿದ್ದು ಹಾಲೇಶನ ಫೋನಿಗೇ ಹೋಗೈತಿ ಯವ್ವಾ. ಡಬ್ಬಿ ಕೆಟ್ಟಿತ್ತು. ನಾ ಕಟ್ಟಿದ ಡಬ್ಬಿ."

"ಖರೇನು?"

"ಖರೇ."

"ನನ್ನ ಕೈ ಮುಟ್ಟಿ ಹೇಳು."

ಬಲಗೈ ಪ್ಲಾಸ್ಟರಿನಲ್ಲಿತ್ತು. ಎಡಗೈಯಿಂದ ಅವಳ ಕೈ ಮುಟ್ಟಿ ಅವನು ಅದನ್ನೇ ಮತ್ತೆ ಹೇಳಿದ. ರಾಮವ್ವ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಫೋನು ಗಂಟಿಗೆ ಕಟ್ಟಿಕೊಂಡು ಎದ್ದು ಹೋದಳು. ಅವಳು ಹೋದ ಮೇಲೆ ಕಾಂಚನ ಹೊರಗೆ ಬಂದು ಗಂಡನಿಗೆ ಊಟಕ್ಕೆ ಹಾಕಿ, ತುತ್ತು ಮಾಡಿ ತಿನಿಸಿದಳು. ಆವತ್ತೂ ಮಾತಾಡಲಿಲ್ಲ.

ಆದರೆ ಗೊತ್ತಾದದ್ದು ಭರಮು ಒಬ್ಬನಿಗೇ ಅಲ್ಲ. ವಿಕ್ರಾಂತ ದುಃಖದ ಮನೆಗೆ ಮಾತಾಡಿಸಲು ಹೋಗಿದ್ದಾಗ ರಾಮವ್ವ ಸಂಗ್ರಾಮನನ್ನು ಕರೆಯಲು ಫೋನು ಹಿಡಿದು ಹಸಿರು ಗುಂಡಿ ಎರಡು ಸಲ ಒತ್ತಿದ್ದನ್ನು ಕಂಡಿದ್ದ. ಅದು ಇನ್ಯಾರಿಗೋ ಹೋಗಿ ಅವಳು ಗಾಬರಿಯಾಗಿದ್ದನ್ನೂ ಕಂಡಿದ್ದ. ಆ ದಿನದ ರಿಂಗೂ ಹೀಗೇ ಡಬ್ಬಿಗೆ ಹೋಗಿತ್ತೆಂದು ತಿಳಿಯಲು ಅವನಿಗೆ ಬೇರೇನೂ ಬೇಕಾಗಿರಲಿಲ್ಲ. ಭರಮುವಿನ ಮನೆಗೆ ಬಂದು ಬಾಗಿಲು ಮುಚ್ಚಿ ಹೇಳಿದ. ಚಿಕ್ಕೋಡಿಯ ವಕೀಲರನ್ನು ಕೇಳಿದ್ದೇನೆ. ಅಮಾವಾಸ್ಯೆಗೆ ಪ್ರತಿಷ್ಠಾನ ಆಗಲಿ, ಡಬ್ಬಿಗೆ ಹೊಸ ಹೆಸರಾಗಲಿ. ಮೊದಲ ಹೇಳಿಕೆಯಲ್ಲಿ ಬರೆಯೋಣ: ಡಬ್ಬಿಯಲ್ಲಿ ದೋಷ ಇರಲಿಲ್ಲ, ರಿಂಗು ಮನೆಯಿಂದ ಹೋಗಿತ್ತು. ಅಲ್ಲಿಗೆ ನಿನ್ನ ಮೇಲಿನ ಹಗೆ ಮುಗಿಯಿತು.

"ಆಕಿಗೆ ಇನ್ನೊಬ್ಬ ಮಗ ಅದಾನ," ಭರಮು ಹೇಳಿದ. "ನಾಳೆ ಅವನ ತಾಟಿಗೆ ಆಕಿ ಹೆಂಗ ರೊಟ್ಟಿ ಹಾಕಬೇಕು?"

"ಅಂವ ನಿನ್ನ ಕೊಲ್ಲತಾನ ದಾದಾ."

"ಖರೇನೂ ಅದಲ್ಲ ವಿಕ್ರಾಂತ. ಯಾರ ರಿಂಗ್ ಬಂದ್ರೂ ಚಾಲೂ ಆಗೂ ಹಂಗ ಮಾಡಿದಾವರು ಯಾರು? ಮೊದಲ ಮಂದಿ ಬೋರ್ಡಿಗೆ ಹೋಗತಿದ್ರು, ಫ್ಯೂಜ್ ಕೀಳತಿದ್ರು. ಹೋಗೂದ ಬ್ಯಾಡ, ಮನ್ಯಾಗ ಕೂತ ಒತ್ತರಿ ಅಂತ ನಾವ ಹೇಳಿದ್ವಿ. ಅವರ ಕಿಸೆದಾಗಿನ ಫ್ಯೂಜ್ ತಗದಾವರು ನಾವು."

ವಿಕ್ರಾಂತ ಸಿಟ್ಟಿನಿಂದ ಎದ್ದ. ಹೆಸರು ತೆಗೆಯಿರಿ ಎಂದು ಕೈಮುಗಿದವನು ನೀನೇ ಎಂದು ನೆನಪಿಸಿದ. ಭರಮು ಒಪ್ಪಿಕೊಂಡ. ಆಗ ತೆಗೆದಿದ್ದರೆ ನಡೆಯುತ್ತಿತ್ತು, ಈಗ ತೆಗೆದರೆ ಓಡಿಹೋದಂತೆ. ಮೊದಲು ತಪ್ಪು ನಕಾಶೆಯದ್ದು ಎಂದು ಬರೆಯಿರಿ, ತಿದ್ದಿರಿ, ಆಮೇಲೆ ಬೇಕಾದ ಹೆಸರಿಡಿ ಎಂದ.

ಅಮಾವಾಸ್ಯೆ ಬಂತು. ಸುಟ್ಟ ಅಂಗಡಿಯ ಅಂಗಳದಲ್ಲೇ ಸೇರಬೇಕೆಂದು ಭರಮು ಹಟ ಹಿಡಿದಿದ್ದ. ಗೋಡೆಯ ಮಸಿ ಹಾಗೇ ಇತ್ತು. ಕರಗಿದ ತಾಮ್ರ ನೆಲಕ್ಕೆ ಹತ್ತಿಕೊಂಡಿತ್ತು. ಜನ ಎಂದಿಗಿಂತ ಹೆಚ್ಚು ಬಂದಿದ್ದರು. ಮಜ್ಜಿಗೆ ಇರಲಿಲ್ಲ. ಶುಭಾಂಗಿ ಮೇಡಂ ಪ್ರತಿಷ್ಠಾನದ ನಿಯಮಗಳನ್ನು ಓದಿದರು. ಹೊಸ ಹೆಸರು ಕೃಷ್ಣಾತೀರ ಎಂದು ಸೂಚಿಸಿದರು. ಈ ಸಲ ಮರಾಠಿ, ಕನ್ನಡ ಎಂದು ಯಾರೂ ಕಚ್ಚಾಡಲಿಲ್ಲ.

ಕಚ್ಚಾಟ ಹತ್ತಿದ್ದು ಭರಮು ತನ್ನ ಮಾತು ಹೇಳಿದ ಮೇಲೆ. ತಪ್ಪು ನಮ್ಮದೆಂದು ನಾವೇ ಬರೆದುಕೊಟ್ಟರೆ ನಾಳೆ ಎಲ್ಲರ ಅಂಗಡಿಯನ್ನೂ ಸುಡುತ್ತಾರೆ ಎಂದು ರಾಯಬಾಗದವರು ಎದ್ದು ನಿಂತರು. ಎಲ್ಲರೂ ನಿನ್ನ ಹಾಗೆ ಕೈ ಜಜ್ಜಿಸಿಕೊಳ್ಳಬೇಕೇನು ಎಂದು ಒಬ್ಬ ಕೇಳಿದ. ಜ್ಞಾನದೇವ ಅವನ ಮೇಲೆ ಏರಿಹೋದ. ನಗಿಸುವ ಮನುಷ್ಯ ಅವತ್ತು ಮೋಟಾರಿನ ಒಂದು ಸುಟ್ಟ ಸ್ಟಾರ್ಟರ್ ಪೆಟ್ಟಿಗೆಯನ್ನೇ ಎತ್ತಿಕೊಂಡಿದ್ದ.

ಆ ಗದ್ದಲದಲ್ಲಿ ಸಂಗ್ರಾಮ ಅಂಗಳದೊಳಗೆ ಬಂದದ್ದನ್ನು ಯಾರೂ ಗಮನಿಸಲಿಲ್ಲ. ಒಬ್ಬನೇ ಬಂದಿದ್ದ. ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ ಇತ್ತು. ಹಂಗಾಮು ಮುಗಿದು ಎಷ್ಟೋ ದಿನವಾಗಿತ್ತು, ಆದರೂ ಅದನ್ನು ಹೊಸದಾಗಿ ಸಾಣೆ ಹಿಡಿಸಿದ್ದ. ಜನ ಎರಡೂ ಕಡೆ ಸರಿದರು. ಹೊಸ ಹೆಸರಿಟ್ಟು ಎಲ್ಲರೂ ಕೈ ತೊಳೆದುಕೊಳ್ಳುತ್ತಿದ್ದಾರೆಂದು ಯಾರೋ ಅವನಿಗೆ ಹೇಳಿದ್ದರು.

"ಹೆಸರು ಬದಲಿ ಮಾಡಾಕತ್ತೀರೇನು?" ಅವನು ನೋಡುತ್ತಿದ್ದದ್ದು ಭರಮು ಒಬ್ಬನನ್ನೇ. "ಮಾಡ್ರಿ. ಹಳೇ ಹೆಸರಿನಾವನ್ನ ನನಗ ಬಿಟ್ಟ ಮಾಡ್ರಿ."

ವಿಕ್ರಾಂತ ಎದ್ದು ಇಬ್ಬರ ನಡುವೆ ನಿಂತ. ಅವನಿಗೆ ಆ ಕ್ಷಣ ಕಾಣುತ್ತಿದ್ದದ್ದು ಕೊಯ್ತಾ ಮಾತ್ರ. "ಸಂಗ್ರಾಮಣ್ಣಾ, ನನ್ನ ಮಾತ ಕೇಳು. ಆ ದಿನಾ ರಿಂಗ್ ಕೊಟ್ಟದ್ದ ಯಾರಂತ ನಿನಗ ಗೊತ್ತೈತೇನು? ನಿಮ್ಮ ಮನ್ಯಾಗಿಂದನ..."

ಭರಮು ಅವನ ಭುಜ ಹಿಡಿದು ತನ್ನ ಕಡೆ ತಿರುಗಿಸಿ, ಪ್ಲಾಸ್ಟರಿನ ಕೈಯಿಂದ ಬಾಯಿಗೆ ಗುದ್ದಿದ. ಜೀವನದಲ್ಲಿ ಯಾರನ್ನೂ ಹೊಡೆಯದವನ ಗುದ್ದು. ಪ್ಲಾಸ್ಟರು ಒಡೆದು ಚೂರಾಯಿತು, ವಿಕ್ರಾಂತನ ಹಲ್ಲುಗಳು ಮುರಿದು ನೆತ್ತರ ಜೊತೆ ಹೊರಗೆ ಬಂದವು. ಅವನು ಬಾಯಿ ಹಿಡಿದುಕೊಂಡು ಮೊಣಕಾಲೂರಿದ. ಭರಮು ಮತ್ತೊಮ್ಮೆ ಗುದ್ದಿದ, ಅವನು ಮತ್ತೆ ಮಾತಾಡದ ಹಾಗೆ. ಆಮೇಲೆ ಸಂಗ್ರಾಮನ ಕಡೆ ತಿರುಗಿದ. ಜಜ್ಜಿದ ಬೆರಳುಗಳಿಂದ ನೆತ್ತರು ತೊಟ್ಟಿಕ್ಕುತ್ತಿತ್ತು.

"ಇಂವ ನನ್ನ ಉಳಸಾಕ ಸುಳ್ಳ ಹೇಳಾಕತ್ತಾನ. ಡಬ್ಬಿ ನಂದು, ತಪ್ಪ ನಂದು."

ಕೊಯ್ತಾ ಅವನ ಕುತ್ತಿಗೆಗೂ ಭುಜಕ್ಕೂ ನಡುವೆ ಇಳಿಯಿತು. ಕೀಳಲು ಬರಲಿಲ್ಲ, ಸಂಗ್ರಾಮ ಕಾಲಿನಿಂದ ಒದ್ದು ಕಿತ್ತುಕೊಂಡ. ಇನ್ನೊಂದು ಏಟು ತೋಳಿಗೆ ಬಿತ್ತು. ಅಷ್ಟರಲ್ಲಿ ಜ್ಞಾನದೇವ ಸ್ಟಾರ್ಟರಿನಿಂದ ಸಂಗ್ರಾಮನ ತಲೆಗೆ ಹೊಡೆದು ಬೀಳಿಸಿದ, ಜನ ಮುಗಿಬಿದ್ದು ತುಳಿದರು. ಶುಭಾಂಗಿ ಮೇಡಂ ತಮ್ಮ ಸೆರಗನ್ನು ಸುತ್ತಿ ಭರಮುವಿನ ಗಾಯಕ್ಕೆ ಒತ್ತಿ ಹಿಡಿದಿದ್ದರು. ಅದು ಹಿಡಿದಷ್ಟೂ ತೊಯ್ಯುತ್ತಿತ್ತು. ಭರಮು ಕೆಳಗೆ ಬಿದ್ದಲ್ಲಿಂದಲೇ, ಅವನನ್ನು ಕೊಲ್ಲಬೇಡಿ, ಅವನ ತಾಯಿಗೆ ಅವನೊಬ್ಬನೇ ಉಳಿದಿದ್ದಾನೆ ಎನ್ನುತ್ತಿದ್ದ. ಹತ್ತಿರ ಇದ್ದವರಿಗೆ ಮಾತ್ರ ಕೇಳಿಸಿತು.

ಮಿರಜಿನ ಆಸ್ಪತ್ರೆಯಲ್ಲಿ ಕೆಲವು ದಿನ ಉಸಿರಿತ್ತು. ವಿಕ್ರಾಂತ ಊದಿದ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಂಚದ ಪಕ್ಕ ಕೂತಿರುತ್ತಿದ್ದ. ಒಂದು ಮುಂಜಾನೆ ಭರಮು ಕಣ್ಣು ತೆರೆದು ಅವನನ್ನು ನೋಡಿದ.

"ಹಲ್ಲ ಹೋದುವೇನು?"

ವಿಕ್ರಾಂತ ತಲೆಯಾಡಿಸಿದ.

"ಹೇಳಬ್ಯಾಡ."

ವಿಕ್ರಾಂತ ಮತ್ತೆ ತಲೆಯಾಡಿಸಿದ. ಭರಮುವಿನ ಎಡಗೈ ಆಸ್ಪತ್ರೆಯ ಅಂಗಿಯ ಮೇಲೆ ಏನನ್ನೋ ತಡಕುತ್ತಿತ್ತು. ಆ ಅಂಗಿಗೆ ಕಿಸೆ ಇರಲಿಲ್ಲ. ಕಾಂಚನ ಆ ಕೈ ಹಿಡಿದುಕೊಂಡಳು, ಆಗ ಅವಳು ಮಾತಾಡಿದಳು. ಏನು ಹೇಳಿದಳೆಂಬುದು ಅವಳದು. ಸಂಜೆಗೆ ಅವನು ಹೋದ.

ಚಿಕ್ಕೋಡಿಯ ಕೋರ್ಟಿನಲ್ಲಿ ವಿಚಾರಣೆ ವರ್ಷಗಟ್ಟಲೆ ನಡೆಯಿತು. ಸಾಕ್ಷಿಗೆ ನಿಂತ ವಿಕ್ರಾಂತನನ್ನು ಸಂಗ್ರಾಮನ ವಕೀಲ ಪದೇ ಪದೇ ಕೇಳಿದ: ಸತ್ತವನು ನಿಮ್ಮನ್ನು ಯಾಕೆ ಹೊಡೆದ, ನೀವು ಏನು ಹೇಳುವುದರಲ್ಲಿದ್ದಿರಿ? ವಿಕ್ರಾಂತ ನೆನಪಿಲ್ಲ ಎಂದ. ಮತ್ತೆ ಕೇಳಿದಾಗಲೂ ನೆನಪಿಲ್ಲ ಎಂದ. ಸುಳ್ಳು ಸಾಕ್ಷಿಗೆ ಜೈಲಾಗುತ್ತದೆ ಎಂದಾಗಲೂ ಅದನ್ನೇ ಹೇಳಿದ. ಪ್ರತಿ ತಾರೀಖಿಗೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ರಾಮವ್ವ ಆಗ ಎದ್ದು ನಿಂತಳು. ಪೇದೆ ಕೂರಿಸಲು ಹೋದ. ಅವನ ಕೈಯನ್ನು ಕೊಡವಿದಳು. ನ್ಯಾಯಾಧೀಶರು ಮುಂದೆ ಕರೆಸಿದರು.

"ಆಂವ ಹೇಳೂದಿಲ್ರಿ. ಇಬ್ಬರೂ ಕೂಡಿ ನನಗ ಸುಳ್ಳ ಹೇಳ್ಯಾರ," ಎಂದಳು. "ನಾ ಅವತ್ತ ಹೊಸ್ತಿಲದಾಗ ಭರಮುನ ಮಾರಿ ನೋಡಿದ್ನಿ. ನೋಡಿದ ಕೂಡ್ಲೇ ಗೊತ್ತಾತು. ಆ ಗುಂಡಿ ಒತ್ತಿದಾಕಿ ನಾ."

ಯಾವ ಗುಂಡಿ, ಎಷ್ಟು ಸಲ, ಯಾಕೆ, ಎಲ್ಲವನ್ನೂ ಬಿಡಿಸಿ ಹೇಳಿದಳು. ಸುಮ್ಮನಿದ್ದದ್ದು ಯಾಕೆ ಎಂದು ಕೇಳಿದ್ದಕ್ಕೆ, ಸಂಗ್ರಾಮನ ಕಡೆ ಕೈ ತೋರಿಸಿ, ಇವನು ನನ್ನ ಮಗ, ಇವನ ಮುಖ ನೋಡಿಕೊಂಡು ಬದುಕಬೇಕಾಗಿತ್ತು ಎಂದಳು. ಕಟಕಟೆಯಲ್ಲಿದ್ದ ಸಂಗ್ರಾಮ ಮೊದಲು ನಗುವವನಂತೆ ಬಾಯಿ ತೆರೆದ. ಆಮೇಲೆ ಹಣೆಯನ್ನು ಕಟ್ಟಿಗೆಯ ಅಡ್ಡಪಟ್ಟಿಗೆ ಬಡಿಯತೊಡಗಿದ. ಪೊಲೀಸರು ಹಿಡಿದು ಎಳೆಯುವಷ್ಟರಲ್ಲಿ ಕಣ್ಣಿನ ತುಂಬ ನೆತ್ತರು ಇಳಿದಿತ್ತು. ರಾಮವ್ವ ನೋಡುತ್ತ ನಿಂತಿದ್ದಳು. ಅವನಿಗೆ ಜೀವಾವಧಿ ಆಯಿತು.

ಅದಾದ ಮೇಲೆ ಪ್ರತಿಷ್ಠಾನ ನೋಂದಣಿಯಾಯಿತು. ಸತ್ತವನ ಹೆಸರನ್ನೇ ಇಡೋಣವೆಂದು ಕೆಲವರು ಅಂದರು. ಕಾಂಚನ ಬೇಡವೆಂದಳು, ಇನ್ನು ಯಾವ ಡಬ್ಬಿಯ ಮೇಲೂ ಆ ಹೆಸರು ನನ್ನ ಕಣ್ಣಿಗೆ ಬೀಳಬಾರದು ಎಂದಳು. ಕೃಷ್ಣಾತೀರವೇ ನಿಂತಿತು. ನಕಾಶೆಯನ್ನು ತಿದ್ದಿದರು. ಈಗಿನ ಡಬ್ಬಿ ಗುರುತಿನ ನಂಬರಿಗಷ್ಟೇ ಓಗೊಡುತ್ತದೆ. ಅದರಲ್ಲೊಂದು ಕೀಲಿ ಇದೆ, ನೀರಿಗಿಳಿಯುವವನು ಅದನ್ನು ಕಿತ್ತು ಕಿಸೆಗೆ ಹಾಕಿಕೊಂಡರೆ ಯಾವ ಫೋನಿಗೂ ಅದು ಏಳುವುದಿಲ್ಲ.

ಪ್ರತಿಷ್ಠಾನದ ಮೊದಲ ಹೇಳಿಕೆಯನ್ನು ವಿಕ್ರಾಂತನೇ ಬರೆದ. ಊರೆಲ್ಲ ತಿಳಿದ ಮೇಲೂ ಅವನು ಬರೆದದ್ದು ಭರಮು ಹೇಳಿದ್ದನ್ನೇ: ಯಾರ ರಿಂಗಿಗಾದರೂ ಚಾಲೂ ಆಗುವಂತೆ ನಕಾಶೆ ಮಾಡಿದ್ದು ನಮ್ಮ ತಪ್ಪು, ರಿಂಗು ಕೊಟ್ಟವರ ತಪ್ಪಲ್ಲ. ಕೆಳಗೆ ತನ್ನ ಹೆಸರು ಬರೆದು ಸಹಿ ಹಾಕಿದ. ಅದನ್ನು ಓದಿ ಹೇಳಲು ಶುಭಾಂಗಿ ಮೇಡಂ ದಂಡೆಯ ಮೇಲಿನ ತೋಟದ ಮನೆಗೆ ಹೋದರು. ರಾಮವ್ವ ಎಮ್ಮೆಗೆ ಮೇವು ಹಾಕುತ್ತಿದ್ದವಳು ಕೈ ಒರೆಸಿಕೊಂಡು ಬಂದು ಕೂತು ಕೇಳಿದಳು. ಮುಗಿದ ಮೇಲೆ ಕಾಗದದ ಕಡೆ ಬಗ್ಗಿ ನೋಡಿದಳು.

"ಇದರಾಗ ಭರಮುನ ಹೆಸರು ಎಲ್ಲೈತ್ರಿ?"

"ಇಲ್ರಿ ಆಯಿ. ತಗದೀವಿ. ಡಬ್ಬಿ ಮ್ಯಾಲಿಂದೂ ತಗದೀವಿ."

ರಾಮವ್ವ ಮತ್ತೆ ಮೇವಿನ ಕಡೆ ಎದ್ದಳು.

"ಛಲೋ ಮಾಡಿದ್ರಿ," ಎಂದಳು. "ಇನ್ನ ಅವಂಗ ಹೊಡಿಯಾಕ ಯಾರೂ ಬರೂದಿಲ್ಲ."